ಬೆಳಕಿಗೆ ಅಡ್ಡ ಬಂದ ಅತ್ತೆಯ ಕೂದಲು

ಬೋರ್ಡಿನ ಮೇಲೆ ಸುಸೂತ್ರವಾಗಿ ನಡೆಯುವ ಭೌತಶಾಸ್ತ್ರ ನಮ್ಮನೆ ಹೊಸಿಲು ದಾಟಿದರೆ ಏನಾದರೊಂದು ರಾಮಾಯಣ ಆಗಿಯೇ ತೀರುತ್ತದೆ. ಮನೆ ಶಿವಮೊಗ್ಗದ ಆಲ್ಕೊಳದಲ್ಲಿ, ಪಾಠ ಮಾಡುವುದು ಭದ್ರಾವತಿ ನ್ಯೂ ಟೌನಿನ ಕಾಲೇಜಿನಲ್ಲಿ. ಒಂದು ಶನಿವಾರ, ಬೆಳಕಿಗೆ ಬೆಳಕು ಸೇರಿದರೆ ಕೆಲವು ಕಡೆ ಕತ್ತಲಾಗುತ್ತದೆ ಅಂದೆ. ಕ್ಲಾಸು ನಕ್ಕಿತು. ಮುಂದಿನ ಬೆಂಚಿನ ಹುಡುಗಿ, "ತೋರಿಸಿ ಸರ್, ಆಮೇಲೆ ನಂಬ್ತೀವಿ" ಅಂದಳು. ಸೋಮವಾರ ತೋರಿಸ್ತೀನಿ ಅಂದುಬಿಟ್ಟೆ. ಲ್ಯಾಬಿನಲ್ಲಿ ಅದರ ಸಾಮಾನೇ ಇಲ್ಲ. ತೋರಿಸದಿದ್ದರೆ ವರ್ಷವಿಡೀ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

೧

ಲೇಸರ್ ಲೈಟು ತರಲು ಬಜಾರಿಗೆ ಹೋದೆ. ಅಂಗಡಿಯ ಭಾಯ್ ಕೇಳಿದರು, "ಬೆಕ್ಕು ಆಡಿಸೋಕಾ ಸಾರ್?"

"ಅಲ್ಲ ಭಾಯ್, ಬೆಳಕಿಗೆ ಬೆಳಕು ಸೇರಿಸಿ ಕತ್ತಲೆ ಮಾಡೋಕೆ."

ಅವರು ಸ್ವಲ್ಪ ಯೋಚಿಸಿದರು. "ಕತ್ತಲೆ ಬೇಕಾದ್ರೆ ಖರ್ಚು ಯಾಕೆ ಸಾರ್? ಸ್ವಿಚ್ ಆಫ್ ಮಾಡಿ."

೨

ಲೇಸರಿಗೆ ಅಡ್ಡ ಒಂದು ಕೂದಲು ಹಿಡಿದರೆ ಸಾಕು. ಬೆಳಕು ಅದರ ಎರಡೂ ಪಕ್ಕದಿಂದ ಹೋಗಿ ಗೋಡೆಯ ಮೇಲೆ ಕೂಡಿಕೊಳ್ಳುತ್ತದೆ. ನನ್ನ ತಲೆ ಬೋಳಾಗಿ ವರ್ಷಗಳಾದವು. ಭಾನುವಾರ ಸಂಜೆ ಹೆಂಡತಿಯನ್ನು ಕೇಳಿದೆ.

ದೀಪ ಹಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ರಾಗಿಗುಡ್ಡದಿಂದ ಮಗಳನ್ನು ನೋಡಲು ಬಂದಿದ್ದರು. "ಅಳಿಯಂದ್ರೇ, ದೀಪ ಹಚ್ಚೋ ಹೊತ್ತಲ್ಲಿ ಹೆಂಗಸಿನ ಕೂದಲು ಯಾಕೆ?"

"ಮಾಟ ಗೀಟ ಏನಿಲ್ಲ ಅತ್ತೆ, ಮಕ್ಕಳ ಪ್ರಯೋಗ."

ಅತ್ತೆ ತಮ್ಮದೇ ತುರುಬಿನಿಂದ ಒಂದೆಳೆ ಕಿತ್ತು ಕೊಟ್ಟರು. "ಏನಾದ್ರೂ ಆದ್ರೆ ನನಗೇ ಆಗ್ಲಿ. ಅವಳು ಇನ್ನೂ ಚಿಕ್ಕೋಳು."

೩

ಕೂದಲನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿದೆ. ಸೋಮವಾರ ಕ್ಲಾಸಿನ ಕಿಟಕಿ ಮುಚ್ಚಿ ಲೇಸರ್ ಬಿಟ್ಟೆ. ಗೋಡೆಯ ಮೇಲೆ ಕೆಂಪು, ಕಪ್ಪು, ಕೆಂಪು, ಕಪ್ಪು. ಆ ಹುಡುಗಿ ಎದ್ದು ಬಂದು ಕಪ್ಪು ಜಾಗ ಮುಟ್ಟಿ ನೋಡಿ, "ನಂಬ್ತೀನಿ ಸರ್" ಅಂದಳು. ನನಗೆ ಹೋದ ಜೀವ ಬಂದಂತಾಯಿತು. ರಸಾಯನಶಾಸ್ತ್ರ ಓದಿದ ನಮ್ಮ ಪ್ರಿನ್ಸಿಪಾಲರು, ಮೂಢನಂಬಿಕೆ ಓಡಿಸೋದು ಇಂಥ ಪ್ರಯೋಗಗಳೇ ಎಂದು ಭಾಷಣ ಮಾಡಿ, ಚೌಕಟ್ಟನ್ನು ಲ್ಯಾಬಿನ ಬೀರುವಿನಲ್ಲಿ ಇಡಿಸಿದರು.

ಸಂಜೆ ಮನೆಯಲ್ಲಿ ಖುಷಿಯಿಂದ ಹೇಳಿದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ನನ್ನ ಕೂದಲು ಕಂಡೋರ ಬೀರುವಿನಲ್ಲಿದೆಯಾ?"

ಬೆಳಿಗ್ಗೆ ನನಗಿಂತ ಮೊದಲೇ ಅವರು ಚಪ್ಪಲಿ ಮೆಟ್ಟಿ ನಿಂತಿದ್ದರು. ನನ್ನ ಜೊತೆಗೇ ಭದ್ರಾವತಿ ಬಸ್ಸು ಹತ್ತಿದರು. ಲ್ಯಾಬಿನಲ್ಲಿ ಕೂದಲು ಬಿಡಿಸಿಕೊಂಡು, ಅದಕ್ಕೆ ಥೂ ಥೂ ಅಂದು ಪರ್ಸಿಗೆ ಹಾಕಿಕೊಂಡರು. ಪ್ರಿನ್ಸಿಪಾಲರು ಓಡಿ ಬಂದರು. "ಅಮ್ಮಾ, ಮಕ್ಕಳ ಪ್ರಯೋಗ ನಿಂತುಹೋಗತ್ತೆ."

ಅತ್ತೆ ಪ್ರಿನ್ಸಿಪಾಲರ ದಟ್ಟ ಕ್ರಾಪು ನೋಡಿದರು. "ನಿಮ್ಮ ತಲೆಯಲ್ಲೇ ಇಷ್ಟಿದೆಯಲ್ಲ, ಒಂದೆಳೆ ಕೊಡಿ."

ಪ್ರಿನ್ಸಿಪಾಲರು ತಲೆಯ ಮೇಲೆ ಕೈಯಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ಇವತ್ತು ಮಂಗಳವಾರ ಅಮ್ಮಾ. ನಾಳೆ ಕೊಡ್ತೀನಿ."