ನೋಟಾದ ಎದುರು ಜೋಕಿಮ್

ಯಶ್ವಂತನ ಮೊಬೈಲಿನ ಸದ್ದು ಸ್ವಲ್ಪ ಕಡಿಮೆ ಇದ್ದಿದ್ದರೆ ಜೋಕಿಮ್ ಪುರಸಭೆಯ ಸದಸ್ಯನಾದಂತೆಯೇ ಇತ್ತು. ಕಾಪುವಿನ ಆ ವಾರ್ಡಿನ ಜನ ಈ ಸಲ ಜಗಳ ಬೇಡವೆಂದು ಸಭೆ ಸೇರಿ, ಮಸ್ಕತ್ತಿನಿಂದ ಮರಳಿದ ಜೋಕಿಮ್ ಒಬ್ಬನೇ ನಿಲ್ಲಲಿ, ಅವಿರೋಧವಾಗಿ ಆಯ್ಕೆಯಾಗಲಿ ಎಂದು ಒಪ್ಪಿದ್ದರು. ಅಂದು ನಾಮಪತ್ರಕ್ಕೆ ಕಡೆಯ ದಿನ. ಬೇರೆ ಯಾರೂ ಸಲ್ಲಿಸಿರಲಿಲ್ಲ. ಜೋಕಿಮ್ ಆಗಲೇ ಪ್ರಮಾಣವಚನದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

ಪಕ್ಕದ ಮನೆಯ ಯಶ್ವಂತ ವಿಧಾನಸಭೆಯ ಚರ್ಚೆಯನ್ನು ಮೊಬೈಲಿನಲ್ಲಿ ಸದ್ದು ಏರಿಸಿ ಕ್ರಿಕೆಟಿನಂತೆ ನೋಡುವವನು. ಕಂಪೌಂಡಿನ ಮೇಲಿಂದಲೇ ಕೂಗಿದ.

"ಜೋಕಿಮಣ್ಣ, ಪುರಸಭೆ ಚುನಾವಣೆ ಸುಧಾರಣೆಗೆ ಮಸೂದೆ ಬಂದಿದೆ. ಇನ್ನು ಅವಿರೋಧ ಅಂತ ಇಲ್ಲ. ಒಬ್ಬರೇ ನಿಂತರೂ ಓಟು ಆಗಲೇಬೇಕು. ನಿಮ್ಮ ಎದುರು ನೋಟಾ, ಅದಕ್ಕೆ ಹೆಚ್ಚು ಬಿದ್ದರೆ ನೀವು ಸೋತ ಹಾಗೆ."

"ನಮಗೂ ಉಂಟಾ ಅದು?"

"ಮತ್ತೆ? ಇವತ್ತು ಪಾಸಾದರೆ ಇವತ್ತೇ ಜಾರಿ," ಎಂದ ಯಶ್ವಂತ, ಮಸೂದೆ ತಾನೇ ಬರೆದವನಂತೆ.

ಅಂಗಿಯಿಂದ ಹೊಗೆ ಬಂತು.

ಜೋಕಿಮ್ ಮನೆಮನೆಗೆ ಓಡಿದ. ಎದುರಾಳಿ ಮನುಷ್ಯನಾಗಿದ್ದರೆ ಕುಂದು ಹೇಳಬಹುದಿತ್ತು. ಆದರೆ ನೋಟಾ ಯಾರ ಗಡಿಯನ್ನೂ ಒತ್ತಿದ್ದಲ್ಲ, ಯಾರ ಮದುವೆಯನ್ನೂ ತಪ್ಪಿಸಿದ್ದಲ್ಲ. ಹಾಗಾಗಿ ಅವನಿಗೆ ಉಳಿದದ್ದು ಭರವಸೆ ಕೊಡುವುದೊಂದೇ. ಒಲಿಂಡಾ ಬಾಯಿ ಎಂಬಾಕೆಗೆ ಬೀದಿನಾಯಿಗಳನ್ನು ಕಂಡರೆ ಆಗದು. ವಾರದೊಳಗೆ ಒಂದೂ ಇರುವುದಿಲ್ಲ ಎಂದ. ಆಕೆಯ ಎದುರು ಮನೆಯ ರತ್ನಾವತಿ ಅದೇ ನಾಯಿಗಳಿಗೆ ದಿನಾ ಅನ್ನ ಹಾಕುವವಳು. ಅವಳಿಗೆ ತಿರುವಿಗೊಂದು ನೀರಿನ ತೊಟ್ಟಿ ಇಡಿಸುತ್ತೇನೆ ಎಂದ. ಮಧ್ಯಾಹ್ನದೊಳಗೆ ಅವನು ಮಾತಿನಲ್ಲೇ ರಸ್ತೆಯನ್ನು ಅಗಲವೂ ಮಾಡಿದ್ದ, ಯಾರ ಅಂಗಳವನ್ನೂ ಮುಟ್ಟದೆ ಬಿಟ್ಟೂ ಇದ್ದ.

ಯಶ್ವಂತ ಸ್ಕೋರು ಹೇಳುತ್ತಲೇ ಇದ್ದ. ಸದನದಲ್ಲಿ ಗದ್ದಲ, ಮೇಜು ಕುಟ್ಟುತ್ತಿದ್ದಾರೆ, ಈಗ ಪಾಸಾಗುತ್ತದೆ. ಕೊನೆಗೆ ಅವನೇ ದಾರಿಯನ್ನೂ ತೋರಿಸಿದ. ಎದುರಿಗೆ ಇನ್ನೊಬ್ಬ ಅಭ್ಯರ್ಥಿ ಇದ್ದರೆ ನೋಟಾದ ಹೆದರಿಕೆಯೇ ಇಲ್ಲ, ಅದಕ್ಕೆ ಎಷ್ಟು ಓಟು ಬಿದ್ದರೂ ಇಬ್ಬರಲ್ಲಿ ಹೆಚ್ಚು ಪಡೆದವನೇ ಗೆಲ್ಲುವುದು. ಒಬ್ಬ ಡಮ್ಮಿಯನ್ನು ನಿಲ್ಲಿಸಿದರಾಯಿತು, ಸುಮ್ಮನೆ ಕೂರುವ ಜನ ಬೇಕು.

ಅಂಥವನು ವಾರ್ಡಿನಲ್ಲಿ ಒಬ್ಬನೇ, ದರ್ಜಿ ಸುಂದರ. ರವಿಕೆ ಯಾವಾಗ ಕೊಡುತ್ತೀರಿ ಎಂದರೂ "ನೋಡುವ" ಎಂಬುದಕ್ಕಿಂತ ಹೆಚ್ಚು ಅವನ ಬಾಯಿಂದ ಯಾರೂ ಕೇಳಿದ್ದಿಲ್ಲ. ಜೋಕಿಮ್ ಅವನನ್ನು ಕೊರಳಲ್ಲಿದ್ದ ಅಳತೆಪಟ್ಟಿಯ ಸಮೇತ ರಿಕ್ಷಾ ಹತ್ತಿಸಿದ. ಕಚೇರಿಯ ಬಾಗಿಲು ಮುಚ್ಚುವ ಮುಂಚೆ ಸುಂದರ ನಾಮಪತ್ರದಲ್ಲಿ ತೋರಿಸಿದಲ್ಲೆಲ್ಲ ಸಹಿ ಹಾಕಿದ.

ಸಂಜೆ ಸದನದಲ್ಲಿ ಮಂತ್ರಿಗಳು ಉತ್ತರ ಕೊಟ್ಟರು. ಮಸೂದೆ ಸಮಿತಿಗೆ ಹೋಗುತ್ತದೆ, ಬಂದರೂ ಮುಂದಿನ ಚುನಾವಣೆಗೇ. ಯಶ್ವಂತ "ಹೌದಾ" ಎಂದು ಚಾನೆಲ್ ಬದಲಿಸಿದ.

ಜೋಕಿಮನಿಗೆ ಹೋದ ಜೀವ ಬಂತು. ಡಮ್ಮಿ ಹಿಂದೆ ಸರಿದರೆ ತಾನು ಗೆದ್ದಂತೆ. ವಾರ್ಡಿನವರನ್ನೆಲ್ಲ ಅಂಗಳಕ್ಕೆ ಕರೆದು, ನಾಮಪತ್ರ ವಾಪಸಾತಿಯ ಅರ್ಜಿಯನ್ನು ನಗುತ್ತ ಸುಂದರನ ಮುಂದಿಟ್ಟ.

ರತ್ನಾವತಿ ಅದನ್ನು ಎತ್ತಿ ಜೋಕಿಮನ ಮುಂದೆ ಇಟ್ಟಳು.

"ನಾಯಿಗಳಿಗೆ ನೀರಿನ ತೊಟ್ಟಿ ಅಂದಿರಿ ನನಗೆ. ಒಲಿಂಡಾ ಬಾಯಿಗೆ ನಾಯಿಯೇ ಇರುವುದಿಲ್ಲ ಅಂದಿರಿ. ಮತ್ತೆ ಆ ನೀರು ಕುಡಿಯುವುದು ಯಾರು, ನೀವಾ?"

ರತ್ನಾವತಿಯೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಒಲಿಂಡಾ ಆಕೆಯ ಪಕ್ಕದಲ್ಲೇ ನಿಂತಿದ್ದಳು. ಹಿಂದೆ ನಿಂತಿದ್ದವರು ರಸ್ತೆಯ ಮಾತು ತೆಗೆದರು. ಜಗಳ ಬೇಡವೆಂದು ಸೇರಿದ್ದ ವಾರ್ಡು ಒಂದೇ ದಿನದಲ್ಲಿ ಪೂರ್ತಿ ಒಂದಾಗಿಬಿಟ್ಟಿತ್ತು.

"ಸುಂದರಣ್ಣ ಯಾರಿಗೂ ಎಂತದೂ ಹೇಳಲಿಲ್ಲ ಅಲ್ವಾ?" ಎಂದ ಯಶ್ವಂತ. "ಅವರೇ ಅವಿರೋಧ ಆಗಲಿ ಮಾರಾಯ್ರೆ."

ಎಲ್ಲರೂ ತಲೆಯಾಡಿಸಿದರು. ಜೋಕಿಮ್ ಕಡೆಯ ಆಸೆಯಿಂದ ಹೆಂಡತಿ ಗ್ಲೋರಿಯಾಳ ಮುಖ ನೋಡಿದ. ಅವಳು ಒಳಗೆ ಹೋಗಿ ಪೆನ್ನು ತಂದಳು.

"ಸಹಿ ಹಾಕಿ," ಎಂದಳು. "ಬಾವಿಗೆ ಪಂಪು ಹಾಕಿಸುತ್ತೇನೆ ಅಂತ ಮದುವೆಯಾದ ವರ್ಷ ಹೇಳಿದಿರಿ. ನಾನು ಈಗಲೂ ಹಗ್ಗ ಎಳೆಯುವುದು."