ಗೀಸರಿಗೆ ನೀರು ತುಂಬುವ ಹಬ್ಬ

ನಮ್ಮ ಸೋದರತ್ತೆ ಈ ಎಪ್ಪತ್ತೆಂಟು ವರ್ಷಗಳಲ್ಲಿ ಯಾವ ಯಂತ್ರವನ್ನೂ ಯಂತ್ರ ಎಂದು ಒಪ್ಪಿಕೊಂಡವರಲ್ಲ. ಅವರ ಪಾಲಿಗೆ ಮಿಕ್ಸಿ, ಫ್ರಿಜ್ಜು, ಫ್ಯಾನು ಎಲ್ಲವೂ ಮನೆಯಲ್ಲಿ ದುಡಿಯುವ ಜೀವಗಳು. ಮಿಕ್ಸಿ ತಿರುಗಿಸುವ ಮುಂಚೆ ಅದರ ನೆತ್ತಿ ಸವರಿ, "ಇದೊಂದು ಕಾಯಿ ಅಷ್ಟೇ, ಮುಗೀತು ಮಾರಾಯ್ತಿ" ಎಂದು ಸಮಾಧಾನ ಹೇಳುತ್ತಾರೆ. ಅವರ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟಿನಲ್ಲಿ ದುಡಿದವರು. ಯಜಮಾನರು ಈಗಿಲ್ಲ, ಶಿಫ್ಟಿನ ಕಾನೂನು ಮಾತ್ರ ಅತ್ತೆಯ ತಲೆಯಲ್ಲಿ ಹಾಗೇ ಇದೆ. ಒಮ್ಮೆ ನಮ್ಮ ಮನೆಗೆ ಬಂದವರು ಊಟವಾದ ಮೇಲೆ ಫ್ರಿಜ್ಜಿನ ಸ್ವಿಚ್ ಆರಿಸಿ ಮಲಗಿಬಿಟ್ಟರು. ಬೆಳಿಗ್ಗೆ ಹಾಲು ಒಡೆದಿತ್ತು. ಕೇಳಿದರೆ, "ಹಗಲೂ ರಾತ್ರಿ ಒಂದೇ ಆಳನ್ನ ದುಡಿಸ್ತೀರಲ್ಲ, ಫ್ಯಾಕ್ಟ್ರೀಲಾಗಿದ್ರೆ ಸ್ಟ್ರೈಕ್ ಆಗಿರೋದು" ಎಂದರು.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಸುಮ್ಮನಿರಲಾದೀತೆ? ಫ್ರಿಜ್ಜು ಕೆಲಸ ಮಾಡುವ ಬಗೆಯನ್ನು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅತ್ತೆ ತಾಳ್ಮೆಯಿಂದ ಕೇಳಿ, "ಇಷ್ಟೆಲ್ಲ ಮಾಡುತ್ತೆ ಅಂತೀಯ, ಒಂದು ಭಾನುವಾರನಾದ್ರೂ ರಜ ಕೊಡೋಕಾಗಲ್ವಾ?" ಎಂದರು. ನನ್ನ ವಿದ್ಯಾರ್ಥಿಗಳು ನನ್ನ ಪಾಠವನ್ನು ಇಷ್ಟಾದರೂ ಕೇಳಿಸಿಕೊಂಡದ್ದಿಲ್ಲ.

ಪ್ರತಿ ದೀಪಾವಳಿಗೆ ಅತ್ತೆ ಭದ್ರಾವತಿಯ ಹಳೇನಗರದಿಂದ ಬಸ್ಸು ಹತ್ತಿ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ. ಕೈಚೀಲದ ತುಂಬ ಹಿಂಡಲೆಕಾಯಿ ಬಳ್ಳಿ. ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿ ಪೂಜೆ ಮಾಡುವುದು ನಿಮಗೂ ಗೊತ್ತಿರುವುದೇ. ಮರುದಿನ ಬೆಳಗಿನ ಎಣ್ಣೆಸ್ನಾನಕ್ಕೆ ಅದೇ ನೀರು. ಆದರೆ ನಮ್ಮ ಮನೆಯಲ್ಲಿ ಹಂಡೆ ಎಲ್ಲಿದೆ? ಗೋಡೆಗೆ ನೇತುಬಿದ್ದ ಗೀಸರ್ ಇದೆ. "ನೀರು ಕಾಯಿಸೋದು ಯಾವುದೋ ಅದೇ ಹಂಡೆ" ಎಂದು ಅತ್ತೆ ತೀರ್ಪು ಕೊಟ್ಟು ಹದಿನಾಲ್ಕು ವರ್ಷವಾಯಿತು. ಅಂದಿನಿಂದ ನಾನು ವರ್ಷಕ್ಕೊಮ್ಮೆ ಸ್ಟೂಲ್ ಹತ್ತಿ ಗೀಸರಿಗೆ ಪಟ್ಟೆ ಬರೆಯುತ್ತೇನೆ, ಬಳ್ಳಿ ಸುತ್ತುತ್ತೇನೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಳೇ ನೀರು ಹೊಟ್ಟೆಯಲ್ಲಿಟ್ಟುಕೊಂಡವರಿಗೆ ಹೊಸ ನೀರು ತುಂಬುವುದು ಹೇಗೆ? ಆದ್ದರಿಂದ ವಾಲ್ವ್ ಮುಚ್ಚಿ, ಕೆಳಗಿನ ಪೈಪ್ ಬಿಚ್ಚಿ, ಗೀಸರನ್ನು ಪೂರ್ತಿ ಬರಿದು ಮಾಡಬೇಕು. ಸಂಜೆ ದೀಪ ಹಚ್ಚಿದ ಮೇಲೆ ವಾಲ್ವ್ ತೆರೆಯಬೇಕು. ಒಳಗೆ ನೀರು ಏರುವ ಸದ್ದಿಗೆ ಅತ್ತೆ ಕೈಮುಗಿದು ನಿಲ್ಲುತ್ತಾರೆ. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸುವುದೂ ನಾನೇ.

ಹೋದ ವರ್ಷದ ಹಬ್ಬ ಮಾತ್ರ ಬೇರೆ. ಮಗಳ ಮದುವೆಯಾಗಿ ಮೊದಲ ದೀಪಾವಳಿ, ಅಳಿಯ ಬರುವವನಿದ್ದ. ಅವನು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ನನ್ನ ಮೇಲೆ ಅವನಿಗೆ ಬಹಳ ಗೌರವ, ಯಾಕೆಂದರೆ ಪರಿಚಯ ಹೊಸದು. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಬೈಕಿನಲ್ಲಿ ಬಂದಿಳಿದರು. ಆ ವರ್ಷ ಚಳಿಗೆ ಅವಸರ, ಹಬ್ಬಕ್ಕೆ ಮುಂಚೆಯೇ ಬಂದು ಕೂತಿತ್ತು. "ಕೈಕಾಲು ತೊಳೀರಿ, ಬಿಸಿನೀರು ಹಾಕ್ತೀನಿ" ಎಂದು ಒಳಗೆ ಹೋಗಿ ಠೀವಿಯಿಂದ ಗೀಸರಿನ ಸ್ವಿಚ್ ಒತ್ತಿ ಬಂದೆ. ಎರಡು ಗಂಟೆಗೆ ಅದನ್ನು ಬರಿದು ಮಾಡಿದ್ದು ಇದೇ ಕೈ. ಮರೆತಿದ್ದೆ! ಬಂದು ಕೂತು ಅಳಿಯನಿಗೆ ಉಷ್ಣ ಹರಡುವ ವಿಧಾನಗಳ ಬಗ್ಗೆ ಹೇಳತೊಡಗಿದೆ. ಮೂರನೆಯ ವಿಧಾನಕ್ಕೆ ಬರುವ ಹೊತ್ತಿಗೆ ಬಚ್ಚಲಿನಿಂದ ಸುಟ್ಟ ವಾಸನೆ ಬಂತು.

ಅಳಿಯನೇ ಮೇಲೆ ಹತ್ತಿ ನೋಡಿದ. "ಕಾಯಿಲ್ ಸುಟ್ಟಿದೆ ಮಾವ. ಖಾಲಿ ಇದ್ದಾಗ ಯಾರೋ ಆನ್ ಮಾಡಿದಾರೆ" ಎಂದ. ಎಲೆಕ್ಟ್ರೀಷಿಯನ್ ಬಂದು ಕಾಯಿಲ್ ಬದಲಿಸಲು ಸ್ಪ್ಯಾನರ್ ಹಾಕಿದರೆ ಹದಿನಾಲ್ಕು ವರ್ಷದ ತುಕ್ಕು ತಗಡನ್ನೂ ಕಿತ್ತುಕೊಂಡು ಕೈಗೆ ಬಂತು. "ಹೊಸದೇ ಹಾಕ್ಬೇಕು ಸಾರ್" ಎಂದು ಅವನು ಕೈ ಒರೆಸಿಕೊಂಡ.

"ಯಾರು ಸ್ವಿಚ್ ಹಾಕಿದ್ದು?" ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ನಾನು ಛಾವಣಿ ನೋಡಿದೆ. ಗುರುತ್ವಾಕರ್ಷಣೆಯಿಂದ ಏನಾದರೂ ಬೀಳುತ್ತದೇನೋ ಎಂಬಂತೆ ನೋಡಿದೆ. ಆಗ ಬಾಗಿಲ ಬಳಿ ಬಳ್ಳಿ ಕಟ್ಟುತ್ತ ಕೂತಿದ್ದ ಅತ್ತೆ, "ನಾನೇ ಕಣಮ್ಮ. ಲೈಟಿಂದು ಅಂತ ಒತ್ತಿಬಿಟ್ಟೆ" ಎಂದರು.

ನಾನು ಬೆರಗಾದೆ. ವಯಸ್ಸಾಯಿತು, ಅವರಿಗೂ ಮರೆವು, ನಿಜಕ್ಕೂ ತಾವೇ ಎಂದುಕೊಂಡಿರಬೇಕು ಎಂದು ತರ್ಕ ಮಾಡಿದೆ. ತರ್ಕ ನನಗೆ ಅನುಕೂಲವಾಗಿತ್ತು, ಆದ್ದರಿಂದ ಸರಿಯಾಗಿಯೂ ಕಂಡಿತು. ಹೆಂಡತಿ, "ನಿಮ್ಮ ಶಾಸ್ತ್ರ ಅತಿಯಾಯ್ತು ಅತ್ತೆ, ಗೀಸರಿಗೂ ಹಬ್ಬ ಮಾಡೋರನ್ನ ಎಲ್ಲಾದ್ರೂ ನೋಡಿದೀರಾ?" ಎಂದಳು. ಅಳಿಯ ನಗು ತಡೆದುಕೊಂಡ. ಅತ್ತೆ ತಲೆ ತಗ್ಗಿಸಿ, "ಹೌದು. ಹೊಸದಕ್ಕೆ ದುಡ್ಡು ನಾನು ಕೊಡ್ತೀನಿ. ಮುಂದಿನ ವರ್ಷದಿಂದ ಹಬ್ಬಕ್ಕೆ ಭದ್ರಾವತೀಲೇ ಇರ್ತೀನಿ" ಎಂದರು. "ದುಡ್ಡು ಬೇಡ ಅತ್ತೆ" ಎಂದು ನಾನು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ.

ಅಂಗಡಿಗೆ ಹೊರಟಾಗ ಅತ್ತೆ ಹಳೇ ಗೀಸರನ್ನೂ ಆಟೋಕ್ಕೆ ಹಾಕಿಸಿದರು. ಹಳೇ ಹಂಡೆಯನ್ನು ತೂಕಕ್ಕೆ ಹಾಕಿ ಹೊಸದು ತರುವುದು ಅವರ ಕಾಲದ ಪದ್ಧತಿ. ಪಟ್ಟೆ, ಬಳ್ಳಿ ಸಮೇತ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಯಾವ ದೇವಸ್ಥಾನಕ್ಕೆ ಸಾರ್?" ಎಂದು ಕೇಳಿದ. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಅತ್ತೆ ಸಾಲಾಗಿ ನಿಲ್ಲಿಸಿದ ಗೀಸರುಗಳನ್ನು ಬೆರಳಗಂಟಿನಿಂದ ತಟ್ಟುತ್ತ, ಕಿವಿಗೊಟ್ಟು ಆಲಿಸುತ್ತ ಹೋದರು. "ಇದರ ದನಿ ಒಡಕು. ಇದು ಪರವಾಗಿಲ್ಲ, ತಣ್ಣಗಿನ ಸ್ವಭಾವ" ಎಂದರು. ಗೀಸರಿಗೆ ತಣ್ಣಗಿನ ಸ್ವಭಾವ ಇದ್ದರೆ ಹೇಗೆ ಎಂದು ಅಂಗಡಿಯವನು ಕೇಳಲಿಲ್ಲ, ಹಬ್ಬದ ವ್ಯಾಪಾರ. ಹಳೆಯದಕ್ಕೆಂದು ಬೆಲೆಯಲ್ಲಿ ಐನೂರು ಕಡಿಮೆ ಮಾಡಿದ. ಉಳಿದದ್ದನ್ನು ಅತ್ತೆ ಪೆನ್ಷನ್ನಿನ ಚೀಲದಿಂದ ಎಣಿಸಿ ಕೊಟ್ಟರು. ನಾನು ಫ್ಯಾನುಗಳನ್ನು ನೋಡುತ್ತ ನಿಂತಿದ್ದೆ.

ಗೀಸರ್ ಕೊಳ್ಳುವುದೂ ಮದುವೆಯ ಹಾಗೆಯೇ, ಮದುಮಗನಿಗಿಂತ ಬೀಗರ ಖರ್ಚು ಹೆಚ್ಚು. ಹೊಸ ಗೀಸರಿನ ಬಾಯಿಗಳ ಅಂತರ ಬೇರೆ, ಹಾಗಾಗಿ ಹೊಸ ಪೈಪು. ಪೈಪಿಗೆ ಹೊಸ ವಾಲ್ವು. ವಾಲ್ವ್ ನೋಡಿದ ಮೇಲೆ ಎಲೆಕ್ಟ್ರೀಷಿಯನ್ನಿಗೆ ಹಳೇ ಪ್ಲಗ್ಗು ಸರಿಕಾಣಲಿಲ್ಲ. ಗೋಡೆಗೆ ತೂತು ಕೊರೆಯುವಾಗ ಒಂದು ಟೈಲ್ಸ್ ಒಡೆಯಿತು. ಹಬ್ಬ ಕಳೆದ ಮೇಲೆ ಹುಡುಕಿದರೆ ಅದೇ ಬಣ್ಣದ್ದು ಶಿವಮೊಗ್ಗದಲ್ಲೆಲ್ಲೂ ಸಿಗಲಿಲ್ಲ. ಅಡುಗೆಮನೆಗೆಂದು ಮಾಡಿದ್ದು ಒಂದು ಸಿಕ್ಕಿತು. ಈಗ ನಮ್ಮ ಬಚ್ಚಲ ಗೋಡೆಯಲ್ಲಿ ಒಂದು ದ್ರಾಕ್ಷಿ ಗೊಂಚಲು ಇದೆ. ಈ ಚಿಲ್ಲರೆ ಖರ್ಚನ್ನೆಲ್ಲ ನಾನೇ ವಹಿಸಿಕೊಂಡೆ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ.

ಅಂದು ಕತ್ತಲಾದ ಮೇಲೆ ಹೊಸ ಗೀಸರಿಗೆ ನೀರು ಏರಿತು. ಅತ್ತೆ ಬಚ್ಚಲಿಗೆ ಬರಲೇ ಇಲ್ಲ. ಪಟ್ಟೆ ಬೇಡ, ಬಳ್ಳಿ ಬೇಡ, ಒಂದು ಕುಂಕುಮವನ್ನೂ ಇಡಲಿಲ್ಲ. ಹಜಾರದ ಮೂಲೆಯಲ್ಲಿ ಕೂತು ತಮ್ಮ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಮನೆಗೆ ಹಿರಿಯರೆಂದು ಎಲ್ಲರ ತಲೆಗೂ ಅತ್ತೆಯೇ ಎಣ್ಣೆ ಹಚ್ಚಿದರು. ಅಳಿಯ, ಮಗಳು, ಹೆಂಡತಿ ಎಲ್ಲರೂ ಸ್ನಾನ ಮುಗಿಸಿ ತಿಂಡಿಗೆ ಕೂತರು. ಕೊನೆಗೆ ನಾನು ಬಚ್ಚಲ ಮಣೆಯ ಮೇಲೆ ಕೂತೆ. ಐವತ್ತನಾಲ್ಕು ವರ್ಷದ ಬೋಳುತಲೆ. ಅತ್ತೆ ನೆತ್ತಿಗೆ ಎಣ್ಣೆಯಿಟ್ಟು ತಟ್ಟುತ್ತಿದ್ದಾಗ ನನ್ನ ಬಾಯಿಂದ ಮಾತು ಹೊರಬಂತು.

"ಅತ್ತೆ, ನಿನ್ನೆ ಸ್ವಿಚ್ ಹಾಕಿದ್ದು ನಾನು."

"ಗೊತ್ತು ಕಣೋ. ನಿನ್ನ ಕಿವಿ ಕೆಂಪಾಗಿತ್ತಲ್ಲ."

"ಮತ್ತೆ ನೀವು ಯಾಕೆ ಹಾಗಂದ್ರಿ?"

ಅತ್ತೆಯ ಕೈ ನಿಲ್ಲಲಿಲ್ಲ. "ಹೊಸ ಅಳಿಯ ಎದುರಿಗಿದ್ದ. ಅವನ ಮುಂದೆ ಓದಿದೋನು ನೀನು ಸಣ್ಣೋನಾಗಬಾರದಿತ್ತು. ನಂಗೇನು? ನಾನು ಹೇಗೂ ಅರೆಹುಚ್ಚಿ ಅಂತ ನೀವೆಲ್ಲ ಮೊದಲೇ ನಕ್ಕಾಗಿದೆ. ಅದರ ಮೇಲೆ ಇನ್ನೊಂದು."

ಮುನಿಸಿನಿಂದ ಹೇಳಿದ ಮಾತಲ್ಲ ಅದು. ಮಿಕ್ಸಿಗೆ ಸಮಾಧಾನ ಹೇಳುವ ಅದೇ ದನಿಯಲ್ಲಿ ಹೇಳಿದರು. ಇಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ನಾನು ನಗಿಸಿದ್ದೆಲ್ಲ ಅವರಿಗೆ ಗೊತ್ತಿತ್ತು. ನನಗೆ ನನ್ನ ಮೇಲೆ ಬಹಳ ನಾಚಿಕೆಯಾಯಿತು.

ಎದ್ದೆ. ಟವೆಲ್ ಸುತ್ತಿಕೊಂಡೇ, ಕೆನ್ನೆಗೆ ಎಣ್ಣೆ ಇಳಿಸಿಕೊಂಡೇ ಹಜಾರಕ್ಕೆ ಹೋಗಿ ಅಳಿಯನ ಎದುರು ನಿಂತೆ.

"ಖಾಲಿ ಗೀಸರಿಗೆ ಸ್ವಿಚ್ ಹಾಕಿದ್ದು ಅತ್ತೆ ಅಲ್ಲ, ನಾನು. ಗೊತ್ತಿದ್ದೂ ಸುಮ್ನಿದ್ದೆ" ಎಂದೆ.

ಅಳಿಯನ ಕೈಯಲ್ಲಿದ್ದ ದೋಸೆಯ ಚೂರು ಅಲ್ಲೇ ನಿಂತಿತು. ಹೆಂಡತಿ ನನ್ನನ್ನು ನೋಡಿದಳು, ಆಮೇಲೆ ಮೂಲೆಯಲ್ಲಿದ್ದ ಅತ್ತೆಯ ಚೀಲವನ್ನು ನೋಡಿದಳು. ಎದ್ದು ಹೋಗಿ ಅದರೊಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಡತೊಡಗಿದಳು.

ಬಚ್ಚಲಿನಿಂದ ಅತ್ತೆಯ ದನಿ ಕೇಳಿಸಿತು. "ಆಯ್ತಲ್ಲ, ಬಾರೋ. ನೀರು ಆರಿಹೋಗುತ್ತೆ."