ರೀಲು ಬದಲಿಸುವ ಹೊತ್ತಿನ ವಿಮರ್ಶಕರು

ಟೆಂಟು ಸಿನಿಮಾದಲ್ಲಿ ಕೆಲಸ ಮಾಡಿದವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಟಿಕೀಟು ತಗೊಂಡು ಅದೇ ಒಳಗೆ ಬರುತ್ತದೆ.

ಯುದ್ಧದ ವರ್ಷಗಳಲ್ಲಿ ನಮ್ಮ ಟೆಂಟು ದೊಡ್ಡಬಳ್ಳಾಪುರದಲ್ಲಿ ಬೀಡುಬಿಟ್ಟಿತ್ತು. ನಾನು ಆಪರೇಟರ್. ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಆ ಐದು ನಿಮಿಷದಲ್ಲಿ ಊರವರೆಲ್ಲ ವಿಮರ್ಶಕರು. ಕಥೆ ಎಲ್ಲಿ ಕೆಟ್ಟಿತು ಎಂದು ನನ್ನನ್ನೇ ದಬಾಯಿಸುತ್ತಿದ್ದರು, ಬರೆದವನು ನಾನೇ ಅನ್ನುವ ಹಾಗೆ.

ನನಗೆ ಭಯವಿದ್ದದ್ದು ಒಬ್ಬರದು ಮಾತ್ರ. ಅವರು ಆ ಊರಿನ ಮಗ್ಗದ ಯಜಮಾನರು. ಅವರ ಮಗಳನ್ನು ನನಗೆ ಕೇಳಿದ್ದೆವು. "ಊರೂರು ತಿರುಗೋ ಟೆಂಟಿನೋನಿಗೆ ಹೆಣ್ಣಾ? ಮೊದ್ಲು ಆ ಸಿನಿಮಾ ಅಂದ್ರೇನು ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದಿದ್ದರು. ಅಂದರೆ ಚಿತ್ರ ಹಿಡಿಸಿದರೆ ನನಗೆ ಮದುವೆ. ಚಿತ್ರ ತೆಗೆದವರಿಗೆ ಈ ಜವಾಬ್ದಾರಿ ಗೊತ್ತಿರಲಿಲ್ಲ.

೧. ಬಡವಿಯ ಸೀರೆ

ಮೊದಲ ಚಿತ್ರದಲ್ಲಿ ಒಬ್ಬ ಬಡ ತಾಯಿ. ಮಗನನ್ನು ಓದಿಸಲು ಕಂಡವರ ಮನೆಯಲ್ಲಿ ರಾಗಿ ಬೀಸುತ್ತಾಳೆ. ಟೆಂಟಿಗೆ ಟೆಂಟೇ ಗೊಳೋ ಅಂತ ಅಳುತ್ತಿತ್ತು. ದೀಪ ಹಾಕಿದೆ. ನನ್ನ ಮಿಷನ್ನಿನ ಕಿಂಡಿಯ ಕೆಳಗೇ ಬೆಂಚಿನಲ್ಲಿ ಕೂತಿದ್ದ ಯಜಮಾನರ ಕಣ್ಣು ಒಣಗಿಯೇ ಇತ್ತು.

"ಹೆಂಗೈತೆ ಯಜಮಾನ್ರೇ?"

"ಏನ್ ಹೆಂಗೈತೆ? ಹೊಟ್ಟೆಗಿಲ್ಲ ಅಂತ ಅಳ್ತಾಳೆ. ಉಟ್ಟಿರೋದು ನೋಡು, ಅಂಗೈ ಅಗಲ ಜರಿ ಅಂಚು! ಅದನ್ನ ನೇಯೋಕೆ ನಂಗೆ ಹದಿನೈದು ದಿನ ಬೇಕು. ಮಾರಿದ್ರೆ ಮಗನ್ನ ಮೈಸೂರಲ್ಲಿ ಓದಿಸ್ಬೋದು."

ಸುತ್ತ ಕೂತಿದ್ದವರೆಲ್ಲ ನೇಯುವವರೇ. ಅಳು ನಿಲ್ಲಿಸಿ ಅಂಚು ನೋಡತೊಡಗಿದರು. ಮುಂದಿನ ರೀಲಿನಲ್ಲಿ ಆಕೆ ದೇವರ ಮುಂದೆ ಬಿದ್ದು ಹೊರಳಾಡಿದಾಗ ಟೆಂಟಿನ ತುಂಬ ಒಂದೇ ಕೂಗು: "ಅಳಬೇಡ, ಸೀರೆ ಮಾರಮ್ಮಾ!"

೨. ಸತ್ತವನು ಬಂದ

ಮುಂದಿನ ವಾರ ಯಜಮಾನರು ಮತ್ತೆ ಬಂದರು. ಅವರನ್ನು ಕಂಡ ಗಾಬರಿಗೆ ನಾನು ಕೊನೆಯ ರೀಲನ್ನು ಮೊದಲು ಏರಿಸಿ, ಅದರ ಹಿಂದಿನದನ್ನು ಆಮೇಲೆ ಹಾಕಿಬಿಟ್ಟೆ. ನಾಯಕ ಸತ್ತ, ಚಿತೆಯೂ ಉರಿಯಿತು. ಮರುಗಳಿಗೆಯಲ್ಲಿ ಕುದುರೆಯ ಮೇಲೆ ಹಾಡು ಹೇಳಿಕೊಂಡು ಬಂದ. ಅಲ್ಲಿಗೆ ಆಟ ಮುಗಿಯಿತು. ಇನ್ನು ಬೈಗುಳವೇ ಎಂದು ಕಿಂಡಿಯಲ್ಲಿ ಇಣುಕಿದೆ.

"ಇದು ಪರ್ವಾಗಿಲ್ಲ," ಅಂದರು ಯಜಮಾನರು. "ಕೊನೇಲಾದ್ರೂ ಆ ಹುಡುಗನ್ನ ಬದುಕಿಸಿದ್ರು."

ಮಾರನೆಯ ದಿನ ಎಲ್ಲವನ್ನೂ ಸರಿಯಾಗಿ ಹಾಕಿದೆ. ಆಟ ಮುಗಿದದ್ದೇ ತಡ, ಮತ್ತೆ ನೋಡಲು ಬಂದಿದ್ದ ಜನರೆಲ್ಲ ನನ್ನನ್ನು ಮುತ್ತಿಕೊಂಡರು. "ನೆನ್ನೆ ಬದುಕಿಸಿದ್ದೆ, ಇವತ್ ಯಾಕಪ್ಪಾ ಕೊಂದೆ?"

ಯಜಮಾನರ ಕಿವಿಗೂ ಸುದ್ದಿ ಬಿತ್ತು. "ನೆನ್ನೆ ಒಂದು, ಇವತ್ತೊಂದು. ಇವನನ್ನ ಹೆಂಗೆ ನಂಬೋದು?" ಅಂದರಂತೆ. ನನ್ನ ಮದುವೆ ಅಲ್ಲಿಗೇ ನಿಂತಿತು ಅಂದುಕೊಂಡೆ. ಒಂದೇ ಚಿತ್ರಕ್ಕೆ ಜನ ಎರಡೆರಡು ಸಲ ಟಿಕೀಟು ಕೊಂಡಿದ್ದರಿಂದ ಟೆಂಟಿನ ಮಾಲೀಕರು ಮಾತ್ರ ಖುಷಿಯಾಗಿದ್ದರು. "ನಾಳೆಯಿಂದ ತಪ್ಪಾಗೇ ಹಾಕಯ್ಯ" ಅಂದರು.

೩. ತಡಿಕೆಯಾಚೆಯ ದನಿ

ಮೂರನೆಯ ಚಿತ್ರಕ್ಕೆ ಯಜಮಾನರು ಹೆಂಡತಿ ಮಗಳನ್ನೂ ಕರೆತಂದರು. ಹೆಂಗಸರಿಗೆ ಬಿದಿರು ತಡಿಕೆಯ ಆಚೆ ಜಾಗ. ನನ್ನ ಗ್ರಹಚಾರ, ಆ ಕಥೆಯಲ್ಲೂ ಒಬ್ಬ ಅಪ್ಪ. ನಾಟಕ ಕಂಪನಿಯ ಹುಡುಗನಿಗೆ ಮಗಳನ್ನು ಕೊಡುವುದಿಲ್ಲವೆಂದು ಹಠ ಹಿಡಿದಿದ್ದಾನೆ. ಜನ ಅವನಿಗೆ ಹಿಡಿಶಾಪ ಹಾಕುತ್ತಿದ್ದರು. ರೀಲು ಮುಗಿದು ದೀಪ ಹಾಕಿದರೆ ಯಜಮಾನರು ಎದ್ದು ನಿಂತಿದ್ದಾರೆ.

"ಏನ್ರಯ್ಯಾ ತಪ್ಪು ಅವನ್ದು? ಊರೂರು ತಿರುಗೋನಿಗೆ ಯಾವ ಅಪ್ಪ ಹೆಣ್ಣು ಕೊಡ್ತಾನೆ?"

ಎಲ್ಲರೂ ಕಿಂಡಿಯ ಕಡೆ ತಿರುಗಿದರು. ನಮ್ಮ ವಿಷಯ ಊರಿಗೆಲ್ಲ ಗೊತ್ತಿತ್ತು. ನಾನು ರೀಲು ಕೈಯಲ್ಲೇ ಹಿಡಿದು ಮಿಷನ್ನಿನ ಹಿಂದೆ ಸರಿದೆ.

ಆಗ ತಡಿಕೆಯ ಆಚೆಯಿಂದ ಅವರ ಹೆಂಡತಿಯ ದನಿ ಬಂತು. ನಾಲ್ಕು ಜನರ ಮುಂದೆ ಗಂಡನಿಗೆ ನೇರವಾಗಿ ಮಾತಾಡುವವರಲ್ಲ, ಮಗಳಿಗೆ ಹೇಳಿದರು: "ಲೇ ಹುಡ್ಗಿ, ನಿಮ್ಮಪ್ಪಂಗೆ ಹೇಳು. ಸೀರೆ ಗಂಟು ಹೊತ್ಕೊಂಡು ಊರೂರು ತಿರುಗ್ತಿದ್ದೋರಿಗೇ ನಮ್ಮಪ್ಪ ನನ್ನ ಕೊಟ್ಟಿದ್ದು."

ಆ ಹುಡುಗಿಯ ದನಿಯನ್ನು ನಾನು ಮೊದಲು ಕೇಳಿದ್ದೇ ಅಂದು.

"ಅಪ್ಪಾ, ಕೇಳಿಸ್ತಾ? ಅದು ಅವ್ವ ಹೇಳಿದ್ದು. ಈಗ ನಾನು ಹೇಳ್ತೀನಿ, ನೀನು ಕೂತ್ಕೋ. ಅವ್ರು ರೀಲು ಹಾಕ್ಬೇಕು."

ಟೆಂಟು ಹಾರಿಹೋಗುವಷ್ಟು ನಗು. ಯಜಮಾನರು ಕೂತರು. ಕೂತಲ್ಲಿಂದಲೇ ಕಿಂಡಿಯ ಕಡೆ ಮುಖವೆತ್ತಿದರು.

"ಏನಪ್ಪಾ, ಆ ಅಪ್ಪ ಕೊನೆಗೆ ಒಪ್ಕೊಂತಾನಾ?"

"ಒಪ್ಕೊಂತಾನೆ ಯಜಮಾನ್ರೇ. ಕೊನೇ ರೀಲಲ್ಲಿ."

"ಅಲ್ಲೀವರ್ಗೂ ಈ ಜನದ ಕೈಲಿ ಯಾಕ್ ಬೈಸ್ಕೊಬೇಕು? ಅದನ್ನೇ ಮೊದ್ಲು ಹಾಕ್ಬಿಡು ಅಳಿಯಾ."